ಕೋಲ್ಡ್ ರೂಮಿನ ಬೀಗದ ಕೈ

ಬಿ.ಸಿ. ರೋಡಿನ ತನ್ನ ಎಸಿ-ಫ್ರಿಜ್ಜು ರಿಪೇರಿ ಅಂಗಡಿಯಲ್ಲಿ ಜಯಪ್ರಕಾಶ ಸರ್ಕಾರದ ಲೈಸೆನ್ಸನ್ನು ಗಾಜು ಹಾಕಿಸಿ, ಒಳಗೆ ಬರುವವರ ಕಣ್ಣಿಗೆ ಹೊಡೆಯುವಂತೆ ತೂಗುಹಾಕಿದ್ದ. ಹನ್ನೊಂದು ವರ್ಷದಲ್ಲಿ ಅದನ್ನು ಓದಿದ ಗಿರಾಕಿ ಒಬ್ಬನೂ ಇಲ್ಲ. ಒಬ್ಬರು ಅದರ ಗಾಜು ನೋಡಿಕೊಂಡು ತಲೆ ಬಾಚಿಕೊಂಡದ್ದುಂಟು. ಬಂಟ್ವಾಳದಿಂದ ಹಿಡಿದು ಬೆಳ್ತಂಗಡಿ, ಮೂಡುಬಿದಿರೆಯವರೆಗೆ ಎಸಿಯೋ ಫ್ರಿಜ್ಜೋ ಕೆಟ್ಟರೆ ಜನ ಮೊದಲು ಕರೆಯುವುದು ಕಮಲಾಕ್ಷನನ್ನು. ಕಮಲಾಕ್ಷನಿಗೆ ಲೈಸೆನ್ಸೂ ಇಲ್ಲ, ಅಂಗಡಿಯೂ ಇಲ್ಲ. ಇರುವುದು ಒಂದು ಬೈಕು ಮತ್ತು ಒಂದೇ ಮಾತು: "ಗ್ಯಾಸ್ ಹೋಗಿದೆ." ಅವನು ಪೂರ್ತಿ ಕೆಡಿಸಿಟ್ಟ ಮೇಲೆ ಜಯಪ್ರಕಾಶನ ನೆನಪಾಗುತ್ತದೆ.

ಹಾಗಿರುವಾಗ ನೆರಿಯದ ಮಹಿಳಾ ಸಂಘದ ಅಧ್ಯಕ್ಷೆ ರಾಜೀವಿ, ಹಲಸಿನ ತೊಳೆ ಇಡುವುದಕ್ಕೊಂದು ಕೋಲ್ಡ್ ರೂಮ್ ಬೇಕೆಂದು ನೇರವಾಗಿ ಅವನಿಗೇ ಫೋನ್ ಮಾಡಿದಾಗ ಅವನಿಗೆ ಆಕಾಶ ಮೂರೇ ಗೇಣು. ಇದೊಂದನ್ನು ಸರಿಯಾಗಿ ಮಾಡಿಕೊಟ್ಟರೆ ಇನ್ನು ಹತ್ತು ಕಡೆ ತನ್ನ ಹೆಸರೇ ಮುಂದೆ ಹೋಗುತ್ತದೆ ಎಂದುಕೊಂಡ. ನಾಲ್ಕು ಇಂಚಿನ ಥರ್ಮಾಕೋಲ್ ಗೋಡೆ ಕಟ್ಟಿಸಿದ. ಕರೆಂಟ್ ಹೋದರೆ ತಾನೇ ಚಾಲೂ ಆಗುವ ಜನರೇಟರ್ ಇಡಿಸಿದ. ಸಿಡಿಲು ಮಿಷನ್ನಿಗೆ ತಾಗದೆ ನೆಲಕ್ಕಿಳಿಯಲೆಂದು ಇದ್ದಿಲು, ಉಪ್ಪು ತುಂಬಿಸಿ ಎರಡು ಅರ್ಥಿಂಗ್ ಗುಂಡಿ ಮಾಡಿಸಿದ. ಶಿರ್ತಾಡಿಯ ಸಂಘದವರೂ ಬಂದು ನೋಡಿ, "ನಮಗೂ ಇಂಥದ್ದೇ ಒಂದು ಬೇಕು" ಎಂದು ಹೇಳಿ ಹೋದರು. ಮಾರ್ಚ್, ಏಪ್ರಿಲ್ ಎರಡೂ ತಿಂಗಳು ತೊಳೆಗಳು ಕಲ್ಲಿನ ಹಾಗೆ ಗಟ್ಟಿಯಾಗಿ, ಒಂದಕ್ಕೊಂದು ಅಂಟದೆ ಕೂತವು.

ಮೇ ತಿಂಗಳು ಬಂದದ್ದೇ ಗ್ರಹಚಾರ ಶುರುವಾಯಿತು. ಸಂಜೆ ಕಲ್ಲಿನಂತಿದ್ದ ತೊಳೆ ಬೆಳಿಗ್ಗೆ ನೋಡುವಾಗ ಕರಗಿ, ಮತ್ತೆ ಹೆಪ್ಪುಗಟ್ಟಿ, ಡಬ್ಬದ ತುಂಬ ಒಂದೇ ಮುದ್ದೆ. ಜಯಪ್ರಕಾಶ ಓಡಿ ಬಂದ. ಅವನು ತಲುಪುವ ಹತ್ತು ಗಂಟೆಗೆ ಮೀಟರು ಮೈನಸ್ ಹದಿನೈದು ತೋರಿಸುತ್ತ ಸಾಧುವಿನಂತೆ ಕೂತಿತ್ತು. ಮಂಜು ಕರಗಿಸುವ ಹೀಟರು ಆಫ್ ಆಗದೆ ಉಳಿಯುತ್ತಿರಬಹುದೆಂದು ಅದರ ಟೈಮರ್ ಬದಲಿಸಿದ. ಮೂರು ದಿನ ಬಿಟ್ಟು ಮತ್ತೆ ಅದೇ ದೂರು. ಸೆನ್ಸರ್ ಬದಲಿಸಿದ. ಮತ್ತೆ ಅದೇ. ಬಾಗಿಲಿನ ರಬ್ಬರು, ಫ್ಯಾನು, ಕೊನೆಗೆ ಹೀಟರನ್ನೇ ಬದಲಿಸಿದ. ನೆರಿಯದ ದಾರಿಯ ಕಕ್ಕಿಂಜೆಯ ತಿರುವುಗಳಲ್ಲಿ ಆರು ಸಲ ಹೋಗಿ ಬಂದು ಅವನ ಸೊಂಟವೂ ಹೋಯಿತು, ತಾಳ್ಮೆಯೂ ಹೋಯಿತು. ಬಂದಾಗಲೆಲ್ಲ ಅವನದ್ದು ಒಂದೇ ಪ್ರಶ್ನೆ: "ರಾತ್ರಿ ಕರೆಂಟ್ ಹೋಗಿತ್ತಾ?" ಅವರದ್ದೂ ಒಂದೇ ಉತ್ತರ: "ಇಲ್ಲಪ್ಪ, ಹೋಗ್ಲೇ ಇಲ್ಲ."

ಆರನೆಯ ಸಲ ರಾಜೀವಿ ಚಹಾ ಕೊಡಲಿಲ್ಲ. ಮುದ್ದೆಗಟ್ಟಿದ ಡಬ್ಬವೊಂದನ್ನು ತಂದು ಅವನ ಮುಂದಿಟ್ಟರು.

"ಜಯಪ್ರಕಾಶಣ್ಣ, ಹದಿನೆಂಟು ಜನ ಹೆಂಗಸರು ಕೈಗೆಲ್ಲ ಮೇಣ ಮೆತ್ತಿಕೊಂಡು ಬಿಡಿಸಿದ್ದು ಇದು. ಇನ್ನೊಂದು ಸಲ ಕರಗಿದ್ರೆ ನಾವು ಕಮಲಾಕ್ಷನಿಗೆ ಹೇಳ್ತೇವೆ. ಅವನು ಗ್ಯಾಸ್ ಹೋಗಿದೆ ಅಂತಾನೆ."

"ಗ್ಯಾಸ್ ಎಲ್ಲಿಗೂ ಹೋಗ್ಲಿಲ್ಲ ರಾಜೀವಿಯಕ್ಕ!"

"ಮತ್ತೆ ಹೋದದ್ದು ಎಂತ? ಶಿರ್ತಾಡಿಯವರು ದಿನಾ ಫೋನ್ ಮಾಡಿ ಕೇಳ್ತಾರೆ. ನಾನು ಎಂತ ಹೇಳುದು?"

ಅವನಿಗೆ ಅಳು ಬರುವಷ್ಟು ಸಿಟ್ಟು ಬಂತು. ರಾಜೀವಿಯವರ ಮೇಲಲ್ಲ. ತಪ್ಪು ಎಲ್ಲಿದೆಯೆಂದು ತಿಳಿಯದ ತನ್ನ ಮೇಲೆ, ಆ ದರಿದ್ರ ಮಿಷನ್ನಿನ ಮೇಲೆ, ಇಲ್ಲಿಲ್ಲದೆಯೂ ಗೆಲ್ಲುತ್ತಿದ್ದ ಕಮಲಾಕ್ಷನ ಮೇಲೆ.

ಏಳನೆಯ ಸಲ ಅವನು ಬೆಳಿಗ್ಗೆ ಬರಲಿಲ್ಲ. ಮಧ್ಯಾಹ್ನ ಊಟ ಮುಗಿಸಿಕೊಂಡು ಬಂದು, ಕೋಲ್ಡ್ ರೂಮಿನ ಎದುರು ಕುರ್ಚಿ ಹಾಕಿ ಕೂತ. ಕಳ್ಳ ಯಾರೇ ಇರಲಿ, ಇವತ್ತು ಹಿಡಿಯದೆ ಎದ್ದೇಳುವುದಿಲ್ಲ ಎಂದು ಪಣ ತೊಟ್ಟವನಂತೆ.

ನಾಲ್ಕೂವರೆಗೆ ಘಟ್ಟದ ಕಡೆ ಮೋಡ ಕಪ್ಪಿಟ್ಟಿತು. ಹೆಂಗಸರು ಆ ದಿನ ಬಿಡಿಸಿದ ತೊಳೆಯನ್ನೆಲ್ಲ ಒಳಗಿಟ್ಟು ಮನೆಗೆ ಹೊರಟರು. ದೂರದಲ್ಲೊಂದು ಗುಡುಗು, ದೊಡ್ಡದೇನೂ ಅಲ್ಲ. ರಾತ್ರಿ ಅಲ್ಲೇ ಮಲಗುವ ಕಾವಲಿನ ಚನಿಯಪ್ಪ ಜಗಲಿಯಿಂದ ಎದ್ದ. ಲುಂಗಿ ಎತ್ತಿ ಕಟ್ಟಿದ. ಆರಾಮವಾಗಿ ನಡೆದು ಬಂದು ಜಯಪ್ರಕಾಶನ ಕಣ್ಣೆದುರೇ ಕೋಲ್ಡ್ ರೂಮಿನ ಮೈನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆಳೆದ. ಮಿಷನ್ನು ನಿಟ್ಟುಸಿರು ಬಿಟ್ಟು ನಿಂತಿತು.

"ಚನಿಯಪ್ಪಣ್ಣ! ಎಂತ ಮಾಡಿದ್ರಿ ನೀವು?"

"ಗುಡುಗಿತಲ್ಲ ಮಾರಾಯ್ರೆ. ಆಫ್ ಮಾಡಿದೆ."

"ದಿನಾ ಆಫ್ ಮಾಡ್ತೀರಾ?"

"ಗುಡುಗಿದ ದಿನ ಮಾಡ್ಬೇಕಲ್ಲ? ಬೆಳಿಗ್ಗೆ ಐದಕ್ಕೆ ಏಳುವಾಗ ಮತ್ತೆ ಹಾಕ್ತೇನೆ. ಹೋದ ವರ್ಷ ನಮ್ಮ ಟೀವಿ ಸುಟ್ಟು ಬೂದಿ ಆಯ್ತು. ಇಷ್ಟು ದೊಡ್ಡ ಮಿಷನ್ ಹಾಗೆ ಬಿಡ್ಲಿಕ್ಕುಂಟಾ?" ಎಂದ ಚನಿಯಪ್ಪ, ಹೊಗಳಿಕೆಗೆ ಕಾಯುವವನಂತೆ. "ಇಷ್ಟು ದಿನ ನಿಮ್ಮ ಮಿಷನ್ ಉಳಿಸಿದ್ದೇ ನಾನು."

ಜಯಪ್ರಕಾಶ ತಲೆ ಹಿಡಿದುಕೊಂಡು ಕೂತ. ಸಂಜೆ ಆಗಷ್ಟೇ ಬಿಡಿಸಿದ, ಇನ್ನೂ ತಣಿಯದ ತೊಳೆ ಒಳಗೆ, ಮಿಷನ್ನು ಹನ್ನೆರಡು ತಾಸು ಬಂದ್! ಕರಗದೆ ಇನ್ನೇನಾಗಬೇಕು? ಕರೆಂಟ್ ಹೋಗಿತ್ತಾ ಎಂದು ಆರು ಸಲ ಕೇಳಿದ್ದನಲ್ಲದೆ, ಯಾರಾದರೂ ಆಫ್ ಮಾಡಿದ್ದರಾ ಎಂದು ಒಂದು ಸಲವೂ ಕೇಳಿರಲಿಲ್ಲ. ಆಕಾಶ ಗುಡುಗಿದೊಡನೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ಮೈನ್ ಇಳಿಸುವುದು ಈ ಕಡೆ ಎಲ್ಲ ಮನೆಯಲ್ಲೂ ನಡೆಯುವುದೇ. ಅವನು ಚಿಕ್ಕವನಿದ್ದಾಗ ಮನೆಯಲ್ಲಿ ಆ ಕೆಲಸ ಅವನದ್ದೇ ಆಗಿತ್ತು. ತಡವಾದರೆ ಅಮ್ಮನ ಪೆಟ್ಟು. ಅದು ಕೇಳುವಂಥ ವಿಷಯವೆಂದು ಅವನಿಗೂ ಹೊಳೆದಿರಲಿಲ್ಲ.

ಹೊಳೆಯಲಿಲ್ಲವೆಂಬ ನಾಚಿಕೆಗೆ ಅವನು ಇನ್ನಷ್ಟು ಕೂಗಾಡಿದ. ಅರ್ಥಿಂಗ್ ಗುಂಡಿ ತೋರಿಸಿ ಚನಿಯಪ್ಪನಿಗೆ ಅರ್ಧ ಗಂಟೆ ಪಾಠ ಮಾಡಿದ. ಚನಿಯಪ್ಪ ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ, "ಅದೆಲ್ಲ ಸರಿ. ಆದ್ರೆ ಗುಡುಗಿದ್ರೆ?" ಎಂದ.

"ಹುಟ್ಟುಗುಣ ಸುಟ್ಟರೂ ಹೋಗುದಿಲ್ಲ" ಎಂದು ಗೊಣಗಿದ ಜಯಪ್ರಕಾಶ, ಮರುದಿನವೇ ಸ್ವಿಚ್ಚಿಗೆ ಕಬ್ಬಿಣದ ಪೆಟ್ಟಿಗೆ ಹಾಕಿಸಿ ಬೀಗ ಜಡಿದ. ಕೀ ತನಗೆ ಕೊಡಿ ಎಂದು ರಾಜೀವಿ ಕೈಚಾಚಿದರು. ಅವನು ಕೊಡಲಿಲ್ಲ.

"ಇದು ನನ್ನ ಹತ್ರವೇ ಇರ್ಲಿ ರಾಜೀವಿಯಕ್ಕ. ಲೈಸೆನ್ಸ್ ಇರುವವನ ಕೈಯಲ್ಲಿದ್ರೆ ನಿಮಗೂ ಧೈರ್ಯ."

ಆ ವಾರ ಎರಡು ದಿನ ಗುಡುಗಿತು. ಒಂದು ತೊಳೆಯೂ ಕರಗಲಿಲ್ಲ. ಶನಿವಾರ ಶಿರ್ತಾಡಿಯ ಸಂಘದವರು ವ್ಯಾನು ಮಾಡಿಕೊಂಡು ಬಂದರು. ಜಯಪ್ರಕಾಶ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. ಪೆಟ್ಟಿಗೆಯ ಬೀಗ ತೆಗೆದು, ಮಿಷನ್ನು ಎಷ್ಟು ಕರೆಂಟ್ ಎಳೆಯುತ್ತದೆ ಎಂದು ಮೀಟರು ಹಿಡಿದು ತೋರಿಸುತ್ತ, ಸಿಡಿಲಿಗೆ ಹೆದರುವ ಜನರ ಕತೆಯನ್ನು ಬಣ್ಣ ಕಟ್ಟಿ ಹೇಳತೊಡಗಿದ. ಹೆಂಗಸರು ನಕ್ಕರು. ಮೂಲೆಯಲ್ಲಿ ನಿಂತಿದ್ದ ಚನಿಯಪ್ಪ ಮಾತ್ರ ನಗಲಿಲ್ಲ.

ಆಗ ತಲೆಯ ಮೇಲೆಯೇ ಎಂಬಂತೆ ಗುಡುಗಿತು. ಶೆಡ್ಡಿನ ತಗಡು ನಡುಗಿತು.

ಗುಡುಗು ಅಡಗಿತು. ಮಿಷನ್ನಿನ ಸದ್ದೂ ಇರಲಿಲ್ಲ. ಕರೆಂಟ್ ಹೋಯಿತೇ ಎಂದು ಜಯಪ್ರಕಾಶ ತಲೆಯೆತ್ತಿ ನೋಡಿದ. ದೀಪ ಉರಿಯುತ್ತಿತ್ತು. ಎಲ್ಲರೂ ಅವನ ಬಲಗೈಯನ್ನೇ ನೋಡುತ್ತಿದ್ದರು. ಅವನೂ ನೋಡಿದ. ಅದು ಸ್ವಿಚ್ಚಿನ ಹಿಡಿಯನ್ನು ಕೆಳಗೆಳೆದು ಗಟ್ಟಿಯಾಗಿ ಹಿಡಿದುಕೊಂಡಿತ್ತು.

"ಒಳ್ಳೇದು ಮಾಡಿದ್ರಿ" ಎಂದ ಚನಿಯಪ್ಪ, ನಿಜವಾದ ಗೌರವದಿಂದ. "ಎಷ್ಟೆಂದ್ರೂ ಲೈಸೆನ್ಸ್ ಇರುವವರು."

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ಅವನ ಲೈಸೆನ್ಸಿಗೆ ಬೆಲೆ ಕೊಟ್ಟು ಮಾತಾಡಿದ್ದರು. ಜಯಪ್ರಕಾಶನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಿಡಿಯನ್ನು ಮೇಲಕ್ಕೆ ತಳ್ಳಿದ. ಒಮ್ಮೆ ಆಫ್ ಆದರೆ ಮೂರು ನಿಮಿಷ ಕಳೆಯದೆ ಮಿಷನ್ನು ಏಳುವುದಿಲ್ಲ. ಆ ಮೂರು ನಿಮಿಷ ಅವನು ಯಾರ ಮುಖವನ್ನೂ ನೋಡದೆ ನಿಂತ. ಶಿರ್ತಾಡಿಯವರು ಒಬ್ಬರಿಗೊಬ್ಬರು ಏನೋ ಪಿಸುಗುಟ್ಟಿದರು. ಕೊನೆಗೆ ಮಿಷನ್ನು ಗುರ್ ಎಂದು ಎದ್ದಾಗ ಅವನು ಪೆಟ್ಟಿಗೆ ಮುಚ್ಚಿ, ಬೀಗ ಹಾಕಿ, ಕೀಯನ್ನು ರಾಜೀವಿಯ ಅಂಗೈಯಲ್ಲಿಟ್ಟ.

"ಮಳೆಗಾಲ ಹಿಡಿದು ಈ ಗುಡುಗು ನಿಲ್ಲುವವರೆಗೆ ಇದನ್ನು ಯಾರಿಗೂ ಕೊಡ್ಬೇಡಿ ರಾಜೀವಿಯಕ್ಕ. ನಾನು ಕೇಳಿದ್ರೂ ಕೊಡ್ಬೇಡಿ."