ಗಗನಳ ಸೀಟಿನ ಎತ್ತರ

ರಾತ್ರಿ ಎಲ್ಲರೂ ಮಲಗಿದ ಮೇಲೆ ನಡುಮನೆಯಿಂದ ಸಣ್ಣಗೆ ಕಿರ್ ಎಂಬ ಸದ್ದು ಬಂತು. ನಿಂತಿತು. ಮತ್ತೆ ಕಿರ್ ಎಂದಿತು. ನನ್ನ ಗಂಡ ದಿಲೀಪ್‌ಗೆ ಎಚ್ಚರವಾಗಲಿಲ್ಲ. ನಾನೇ ಎದ್ದು ಹೋಗಿ ನೋಡಿದೆ. ಮಗಳು ಗಗನ ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅದರ ಮೇಲೆ ಬಾಗಿ ಕೂತಿದ್ದಳು. ಬೆನ್ನು ಮಣೆಯ ಹಾಗೆ ಮಟ್ಟವಾಗಿತ್ತು. ಮೊಣಕೈಗಳನ್ನು ಒತ್ತಿ ಹಿಡಿದು, ತಲೆಯನ್ನು ಅವುಗಳ ನಡುವೆ ಇಳಿಸಿ, ಬೀರುವಿನ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿದ್ದಳು.

"ಹೀಗೆ ಕೂತ್ರೆ ರಸ್ತೆ ಕಾಣುತ್ತೇನೇ?"

"ಕಾಣುತ್ತೆ ಕಣಮ್ಮ. ನೀನು ಹೋಗಿ ಮಲ್ಕೋ."

ಮರುದಿನ ಆಯುಧಪೂಜೆ, ಆ ಭಾನುವಾರ ಸೈಕಲ್ ಓಟದ ರಾಜ್ಯ ತಂಡಕ್ಕೆ ಆಯ್ಕೆ. ಗಗನ ಎರಡು ವರ್ಷದಿಂದ ಕಾದಿದ್ದು ಇದಕ್ಕೇ. ಒಬ್ಬೊಬ್ಬರನ್ನೇ ರಸ್ತೆಗೆ ಬಿಡುತ್ತಾರೆ. ಮುಂದೆ ಗಾಳಿ ತಡೆಯಲು ಯಾರೂ ಇರುವುದಿಲ್ಲ. "ನಿನ್ನ ಕಾಲಿನ ಶಕ್ತಿ ಮುಕ್ಕಾಲು ಪಾಲು ಗಾಳಿಗೇ ಹೋಗುತ್ತೆ. ಎದ್ದು ಕೂತ್ಯೋ, ಮನೆ ಬಾಗಿಲನ್ನೇ ಎತ್ಕೊಂಡು ಓಡ್ದಂಗೆ," ಎನ್ನುತ್ತಿದ್ದರು ಅವಳ ಕೋಚ್ ಸುಂದರೇಶ. ಹ್ಯಾಂಡಲ್ ಮೇಲೆ ಮೊಣಕೈ ಇಡುವ ದಿಂಬುಗಳನ್ನು ಅವರು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ತಗ್ಗಿಸಿದ್ದರು. ಬಾಗಿದಾಗ ತೊಡೆ ಹೊಟ್ಟೆಗೆ ತಾಕದಂತೆ ಸೀಟನ್ನು ಎತ್ತರಿಸಿದ್ದರು. ಸೀಟಿನ ಕೊಳವೆ ಜಾರದಿರಲೆಂದು ಮರಳು ಬೆರೆಸಿದಂಥ ಪೇಸ್ಟ್ ಹಚ್ಚಿ ಬಿಗಿದು, ಎತ್ತರದ ಗುರುತಿಗೆ ಬಿಳಿ ಟೇಪು ಸುತ್ತಿದ್ದರು. ಅಷ್ಟರಿಂದಲೇ ಅವಳ ಓಟದ ಸಮಯ ಒಂದು ನಿಮಿಷಕ್ಕೂ ಹೆಚ್ಚು ಇಳಿದಿತ್ತು. "ಮನೇಲಿ ಯಾರೂ ಇದಕ್ಕೆ ಕೈ ಹಾಕಬಾರದು ಮೇಡಂ," ಎಂದು ನನಗೂ ಹೇಳಿದ್ದರು.

ಪೂಜೆಯ ಬೆಳಿಗ್ಗೆ ಗಗನ ಸ್ನಾನಕ್ಕೆ ಹೋದಾಗ ಅತ್ತೆ ಪುಟ್ಟತಾಯಮ್ಮ ಹರಳೆಣ್ಣೆ ಬಾಟಲಿ, ಕೋಳಿಪುಕ್ಕ ಹಿಡಿದು ಸೈಕಲ್ಲಿನ ಮುಂದೆ ಕೂತರು. ಬನ್ನೂರು ಕಡೆಯ ಅವರ ತವರಿನಲ್ಲಿ ಗಾಡಿಯ ಕೀಲಿಗೆ ಎಣ್ಣೆ ಬಿಟ್ಟ ಮೇಲೆಯೇ ಕುಂಕುಮ ಇಡುತ್ತಿದ್ದರಂತೆ.

"ರಾತ್ರಿಯೆಲ್ಲ ಕಿರ್ ಅಂತಿತ್ತಲ್ಲವ್ವ. ಮಗ ಎಂಗೆ ತುಳಿದಾತು?"

ನನಗೆ ಟೇಪಿನದೇ ಚಿಂತೆ. "ಅತ್ತೆ, ಆ ಬಿಳಿ ಪಟ್ಟಿ ಮಾತ್ರ ಮುಟ್ಟಬೇಡಿ."

"ಮುಟ್ಟಾಕಿಲ್ಲ ಬುಡು."

ಮುಟ್ಟಲಿಲ್ಲ. ಪಟ್ಟಿಯ ಕೆಳಗೆ, ಕೊಳವೆ ಫ್ರೇಮಿನೊಳಗೆ ಇಳಿಯುವ ಕಡೆ, ಪುಕ್ಕದಿಂದ ಸುತ್ತಲೂ ಎಣ್ಣೆ ಬಿಟ್ಟು ಸೆರಗಿನಿಂದ ಒರೆಸಿದರು. ಎಣ್ಣೆಯಿಂದ ಯಂತ್ರಕ್ಕೆ ಕೆಡುಕಾದೀತೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಗಗನ ಬಂದು ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿದಳು. ಕಾಲಿಗೆ ವಿಶ್ರಾಂತಿ ಬೇಕೆಂದು ಭಾನುವಾರದವರೆಗೆ ಸೈಕಲ್ ಹತ್ತಲಿಲ್ಲ.

ಓಟ ನಂಜನಗೂಡು ರಸ್ತೆಯಲ್ಲಿ. ಹಿಂದಿರುಗುವ ತಿರುವಿನಲ್ಲಿ ಸುಂದರೇಶರ ಪಕ್ಕ ನಾನು ನಿಂತಿದ್ದೆ. ದೂರದಿಂದ ಬಂದವಳು ನಮ್ಮ ಗಗನ ಎಂದು ಮೊದಲು ತಿಳಿಯಲಿಲ್ಲ. ಮಂಡಿಗಳು ಆಚೀಚೆ ಅಗಲಿದ್ದವು, ತುಳಿದಾಗಲೆಲ್ಲ ತೊಡೆ ಹೊಟ್ಟೆಗೆ ಬಡಿಯುತ್ತಿತ್ತು. ಬಾಗಿರಲಾಗದೆ ಅವಳು ನೆಟ್ಟಗೆ ಎದ್ದು ಕೂತಿದ್ದಳು. ಗಾಳಿಗೆ ಅಂಗಿ ಉಬ್ಬಿತ್ತು.

"ಬಗ್ಗು! ಬಗ್ಗೇ!" ಸುಂದರೇಶ ಕೂಗಿದರು.

"ಸೊಪ್ಪು ತರಾಕೆ ಹೊಂಟವ್ಳೆ ಕಣ್ರೀ," ಎಂದು ಯಾರೋ ಹಿಂದೆ ನಕ್ಕರು.

ನಾಲ್ವರನ್ನು ತಂಡಕ್ಕೆ ಆರಿಸಿದರು. ಗಗನ ಐದನೆಯವಳು.

ನಾನು ಕಾರಿನ ಹತ್ತಿರ ಹೋಗುವಷ್ಟರಲ್ಲಿ ಅವಳು ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಬಿಳಿ ಟೇಪು ಕಾಣುತ್ತಿರಲಿಲ್ಲ. ಕೊಳವೆಯ ಜೊತೆ ಅದೂ ಫ್ರೇಮಿನೊಳಗೆ ಇಳಿದುಹೋಗಿತ್ತು. ಬೋಲ್ಟ್ ಬಿಗಿಯಾಗಿಯೇ ಇತ್ತು. ಅವಳು ಅದನ್ನು ಸಡಿಲಿಸಿ ಸೀಟನ್ನು ಮೇಲಕ್ಕೆಳೆದಳು. ಕೊಳವೆ ಹೊಳೆಯುತ್ತಿತ್ತು. ಬೆರಳಲ್ಲಿ ಮುಟ್ಟಿ ಮೂಸಿದಳು. ಹರಳೆಣ್ಣೆಯ ವಾಸನೆ ನನಗೂ ಬಂತು. ಅಂಗಿಯ ತುದಿಯಿಂದ ಕೊಳವೆಯನ್ನು ಚೆನ್ನಾಗಿ ಒರೆಸಿ ಒಳಗಿಳಿಸಿದಳು. ಬೋಲ್ಟನ್ನು ಸಡಿಲವಾಗಿಯೇ ಬಿಟ್ಟಳು.

ಸುಂದರೇಶ ಬಂದವರೇ ಸೀಟು ಅಲ್ಲಾಡಿಸಿ ನೋಡಿದರು. "ಬಿಗಿ ಮಾಡಿರ್ಲಿಲ್ವಾ? ಮನೇಲಿ ಯಾರಾದ್ರೂ ಕೈ ಹಾಕಿದ್ರಾ?"

"ಇಲ್ಲ ಸರ್. ನಾನೇ ನೋಡ್ಕೊಳ್ಲಿಲ್ಲ."

"ಐದನೆಯವಳು ಅಂತ ತಂಡದ ಮೀಸಲು ಜಾಗಕ್ಕೆ ನಿನ್ನ ಹೆಸರು ಹೇಳೋಣ ಅಂತಿದ್ದೆ ಕಣಮ್ಮ. ತನ್ನ ಸೀಟು ತಾನು ನೋಡ್ಕೊಳ್ಳದೋಳ್ನ ಯಾವ ಮುಖ ಇಟ್ಕೊಂಡು ಕಳಿಸ್ಲಿ?" ನನ್ನ ಕಡೆ ತಿರುಗಿದರು. "ಏನಾಯ್ತು ಅಂತ ನೀವಾದ್ರೂ ಹೇಳಿ ಮೇಡಂ."

ಒಂದು ಮಾತು ಸಾಕಿತ್ತು. ಗಗನ ನನ್ನನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆಯೇನೂ ಇರಲಿಲ್ಲ, ನಾನೇನು ಮಾಡುತ್ತೇನೆಂದು ಕಾಯುತ್ತಿದ್ದಳು ಅಷ್ಟೆ.

"ನನಗೆ ಇದೆಲ್ಲ ತಿಳಿಯಲ್ಲ ಸರ್," ಎಂದೆ.

ಅವರು ತಲೆಯಾಡಿಸಿ ಹೊರಟುಹೋದರು. ಮೀಸಲು ಜಾಗಕ್ಕೆ ಆರನೆಯವಳ ಹೆಸರು ಕೂಗಿದ್ದು ನಮಗೂ ಕೇಳಿಸಿತು.

ಕಾರಿನಲ್ಲಿ ಮನೆಗೆ ಹೊರಟೆವು. ಜೆಎಸ್ಎಸ್ ವೃತ್ತ ದಾಟಿದ ಮೇಲೆ ನಾನೇ ಕೇಳಿದೆ: "ಅಪ್ಪನಿಗೆ ಹೇಳೋಣ್ವಾ?"

"ಅಪ್ಪನ ಹೊಟ್ಟೇಲಿ ಮಾತು ನಿಲ್ಲುತ್ತಾ? ಊಟಕ್ಕೆ ಮುಂಚೆ ಅಜ್ಜಿಗೆ ತಲುಪಿಸಿರ್ತಾರೆ." ಕಿಟಕಿಯ ಹೊರಗೆ ನೋಡುತ್ತ ಅಂದಳು, "ತನ್ನಿಂದ್ಲೇ ಹೀಗಾಯ್ತು ಅಂತ ಗೊತ್ತಾದ್ರೆ ಅಜ್ಜಿ ಆಮೇಲೆ ಯಾವುದನ್ನೂ ಮುಟ್ಟಲ್ಲ ಅಮ್ಮ. ನಂಗೆ ಅದು ಬೇಡ."

ಬನ್ನಿಮಂಟಪದ ನಮ್ಮ ಮನೆಯ ಗೇಟಿನಲ್ಲಿ ಅತ್ತೆ ನಿಂತಿದ್ದರು. "ಗೆದ್ಬುಟ್ಯಾ ಮಗ?"

"ಇಲ್ಲಜ್ಜಿ. ಗಾಳಿ ಜಾಸ್ತಿ ಇತ್ತು."

"ಹಾಳಾದ ಗಾಳಿ," ಎಂದು ಶಪಿಸುತ್ತ ಅವರು ಸೈಕಲ್ ಇಳಿಸಲು ಕೈ ಜೋಡಿಸಿದರು. ದಿಲೀಪ್ ಒಳಗಿನಿಂದ ಬಂದು ಏನಾಯಿತೆಂದು ನನ್ನನ್ನು ಕೇಳಿದರು. ಅವರೂ ಸೇರಿದಂತೆ ಯಾರಿಗೂ ಎಣ್ಣೆಯ ವಿಷಯ ಹೇಳುವುದಿಲ್ಲವೆಂದು ನಾನು ಅಷ್ಟರಲ್ಲಿ ನಿರ್ಧರಿಸಿಯಾಗಿತ್ತು.