ತೋರಿಸದ ಕರು

ಹುರಳಿ ನೆನೆಸಿದ ಬೋಗುಣಿಯನ್ನು ಮೊಣಕಾಲಿಗೆ ಆನಿಸಿಕೊಂಡು ಮಹಾದೇವಕ್ಕ ಹೊಟ್ಟು ಕಲೆಸುತ್ತಿದ್ದಾಗ ದನದ ದವಾಖಾನೆಯ ಮುನಾಫ ಬೇವಿನ ಗಿಡಕ್ಕೆ ಸೈಕಲ್ಲು ಒರಗಿಸಿದ. ಹಾನಗಲ್ಲಿನಿಂದ ಆರು ಮೈಲಿ ತುಳಿದು ಬಂದವನ ಅಂಗಿ ಬೆನ್ನಿಗೆ ಅಂಟಿತ್ತು. ಮಹಾದೇವಕ್ಕನ ತಮ್ಮ ಕುಬೇರಪ್ಪ ಮೂರು ವಾರದಿಂದ ಇವನ ದಾರಿ ಕಾಯುತ್ತಿದ್ದ. ಕಾದವನು ಅವನಾದರೂ ದಣಿದವಳು ಅವಳು.

"ಬರ್ರಿ ಡಾಕ್ಟರ್ ಸಾಹೇಬ್ರ, ಕುಂದರ್ರಿ," ಎಂದು ಕುಬೇರಪ್ಪ ಕಂಬಳಿ ಹಾಸಿದ.

"ನಾ ಎಲ್ಲಿ ಡಾಕ್ಟರ್ರೀ. ಡಾಕ್ಟರ ಚೀಲಾ ಹೊರಾವ. ಮೊದ್ಲ ನೀರ ಕೊಡ್ರಿ."

ಅವನು ಬಂದದ್ದು ಕುಬೇರಪ್ಪನ ಹೋರಿ ಸರದಾರನ ಸಲುವಾಗಿ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿಗೆ ಸೇರಿ ಒಂದು ಅಪ್ಪಟ ಖಿಲಾರಿ ಹೋರಿಯನ್ನು ಆರಿಸುತ್ತಿದ್ದರು. ಆರಿಸಿದ ಹೋರಿಯ ಬೀಜ ನಳಿಗೆಯಲ್ಲಿ ಕೂತು ಊರೂರಿಗೆ ಹೋಗುತ್ತದೆ. ಎತ್ತರ ಅಳೆದಾಗಿತ್ತು, ರಕ್ತ ತೆಗೆದಾಗಿತ್ತು. ಇನ್ನು ಉಳಿದದ್ದು ಒಂದು ಕಾಗದ, ಒಂದು ಸಹಿ.

ಕುಬೇರಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಕಾಗದವನ್ನು ಅಕ್ಕನ ಕೈಗೆ ಕೊಟ್ಟ. ಗಂಡ ಸತ್ತ ಮೇಲೆ ತವರಿಗೆ ಬಂದ ಮಹಾದೇವಕ್ಕ ಐವತ್ತು ದಾಟಿದ ಮೇಲೆ ಅಕ್ಷರ ಕಲಿತವಳು. ಒಂದೊಂದು ಅಕ್ಷರವನ್ನೂ ಬೆರಳಿನಿಂದ ಒತ್ತಿ ಹಿಡಿದು ಓದುವಳು. ಏಳನೆಯ ಸಾಲಿಗೆ ಬೆರಳು ನಿಂತಿತು. ಈ ಹೋರಿಗೆ ಹುಟ್ಟಿದ ಕರುಗಳಲ್ಲಿ ಹುಟ್ಟಿನಿಂದಲೇ ಬಂದ ಊನ ಕಂಡಿದೆಯೇ?

"ಇಲ್ಲ ಅಂತ ಬರಿ," ಎಂದ ಕುಬೇರಪ್ಪ.

"ತಡೀರಿ," ಎಂದ ಮುನಾಫ. "ಅಂಗುಳ ಸೀಳಿದ ಕರಾ ಹುಟ್ಟ್ಯಾವ ಅಂತ ಈ ಕಡೆ ಸುದ್ದಿ ಐತಿ. ಕುಡಿದ ಹಾಲು ಮೂಗಿನ್ಯಾಗ ಬರತೈತಂತ. ನಿಮ್ಮೂರಾಗ?"

"ಅದು ಗ್ರಹಣದ ಕಾಟ್ರಿ. ಹೋದ ವರ್ಷ ಹಾಡಹಗಲ ಕತ್ತಲಿ ಆತಲ್ಲ, ಗಬ್ಬದ ಆಕಳಿಗೆ ಸೋಕೇತಿ. ಅದಕ್ಕ ನನ್ನ ಹೋರಿ ಏನ ಮಾಡೀತು?"

ಮುನಾಫ ಸರದಾರನನ್ನು ನೋಡಿದ. ಹಾಲಿನಂಥ ಮೈ, ಕತ್ತಿಯಂಥ ಕೋಡು. ಅದರ ಅಪ್ಪನೂ ಈ ಕೊಟ್ಟಿಗೆಯದೇ. ಊರಿನ ಅರ್ಧ ಆಕಳು ಆ ಅಪ್ಪನ ಹೆಣ್ಣುಮಕ್ಕಳು.

"ಕುಬೇರಪ್ಪಾರ, ಊನ ಹೋರಿ ರಕ್ತದಾಗಿದ್ರ ಹೊರಗ ಕಾಣಂಗಿಲ್ಲ. ಆಕಳಿನ ರಕ್ತದಾಗೂ ಅದ ಇದ್ದಾಗ, ಎರಡೂ ಕೂಡಿ ಕರುವಿನ್ಯಾಗ ಕಾಣತೈತಿ. ಖಾತ್ರಿ ಆಗಬೇಕಂದ್ರ ಒಂದ ಪರೀಕ್ಷೆ ಐತಿ. ಹೋರಿನ ಅದರ ಮಗಳಿಗೇ ಬಿಟ್ಟು ನೋಡಬೇಕು."

ಕುಬೇರಪ್ಪ ಎದ್ದು ನಿಂತ. "ಥೂ! ನಮ್ಮೂರಾಗ ದನಕ್ಕೂ ಮಾನ ಮರ್ಯಾದಿ ಐತಿ. ಅಪ್ಪಗ ಮಗಳನ್ನ ಬಿಡಾಂವ ಈ ಓಣ್ಯಾಗ ಹುಟ್ಟಿಲ್ಲ."

"ಸಿಟ್ಟಾಗಬ್ಯಾಡ್ರಿ. ಪರೀಕ್ಷೆ ಬ್ಯಾಡ ಅಂದ್ರ ನಿಮ್ಮ ಮಾತ ಪರೀಕ್ಷೆ. ಇಲ್ಲ ಅಂತ ಬರದ್ರ ನಾಳೆ ಹೋರಿ ಹೋಕ್ಕೈತಿ. ಐತಿ ಅಂದ್ರ ಬೀಜಾ ಒಡಿಸಿ ಗಳೇಕ್ಕ ಹೂಡಬೇಕು. ಇಷ್ಟ."

ಮಹಾದೇವಕ್ಕ ಬೋಗುಣಿಯನ್ನು ಕೆಳಗಿಟ್ಟಳು.

ಆ ಮನೆಯಲ್ಲಿ ಹೋರಿ ಕೂಡಿಸಿದ್ದಕ್ಕೆ ಯಾರಿಂದಲೂ ಏನೂ ಇಸಿದುಕೊಳ್ಳುತ್ತಿರಲಿಲ್ಲ. ಆಕಳು ಈದು ಮೂರು ತಿಂಗಳಾದ ಮೇಲೆ ಬರುವ ಅಮವಾಸ್ಯೆಗೆ ಕರುವಿನ ಹಣೆಗೆ ಅರಿಷಿಣ ಹಚ್ಚಿ, ಒಂದು ಸೇರು ಹುರಳಿಯೊಂದಿಗೆ ತಂದು ಸರದಾರನ ಮುಂದೆ ನಿಲ್ಲಿಸಿ ಹೋಗಬೇಕು. ಅದಕ್ಕೆ ಕರು ತೋರಿಸುವುದು ಎನ್ನುತ್ತಿದ್ದರು. ಕರು ಉಳಿಯದ ಮನೆಯವರು ಬರುತ್ತಿರಲಿಲ್ಲ. ಯಾಕೆ ಬರಲಿಲ್ಲವೆಂದು ಇವರು ಕೇಳುವಂತಿರಲಿಲ್ಲ, ಕೇಳಿದರೆ ಹೋದದ್ದನ್ನು ಕೆದಕಿದಂತೆ. ಅವರೂ ಬಾಯಿಬಿಡುವಂತಿರಲಿಲ್ಲ, ಬಿಟ್ಟರೆ ಹೋರಿಗೆ ಕೆಟ್ಟ ಹೆಸರಿಟ್ಟಂತೆ. ಹೀಗಾಗಿ ತೋರಿಸಿದ ಕರುಗಳ ಲೆಕ್ಕ ಊರಿಗೆಲ್ಲ ಬಾಯಿಪಾಠ. ತೋರಿಸದ ಕರುಗಳು ಯಾರ ಲೆಕ್ಕದಲ್ಲೂ ಇರಲಿಲ್ಲ. ಕಳೆದ ವರ್ಷ ನಾಲ್ಕು ಮನೆಯವರು ಬಂದಿರಲಿಲ್ಲ. ಮಹಾದೇವಕ್ಕ ಪ್ರತಿ ಅಮವಾಸ್ಯೆಗೆ ಬಾಗಿಲು ನೋಡಿ ನೋಡಿ ಸುಮ್ಮನಾಗಿದ್ದಳು. ಸುಮ್ಮನಿರುವುದಕ್ಕೂ ಮೈಯಲ್ಲಿ ಕಸುವು ಬೇಕು. ಅದು ಅವಳಲ್ಲಿ ತೀರಿತ್ತು.

"ಆ ಪರೀಕ್ಷೆ ಆಗಿ ಹೋಗೇತಿ," ಎಂದಳು.

"ಏನಂದಿ?"

"ನಮ್ಮ ಕೆಂಪಿ ಆಕಳ ಯಾರ ಮಗಳೋ ಕುಬೇರಾ? ಸರದಾರಂದ ಹೌದಿಲ್ಲೋ? ಗ್ರಹಣದ ಹಿಂದಿನ ವರ್ಷ ಎಳ್ಳಮವಾಸಿ ದಿನ ನೀವೆಲ್ಲ ಹೊಲದಾಗ ಚರಗ ಚೆಲ್ಲಿ ಉಣ್ಣಾಕ ಕುಂತಿದ್ರಿ. ಬಾಂದಿನ ಆಚೆ ಕೆಂಪಿ ಹಗ್ಗ ಹರಕೊಂಡು ಸರದಾರನ ಹತ್ರ ಹೋದ್ಲು. ನಾ ಓಡೂದರಾಗ ಮುಗದು ಹೋಗಿತ್ತು."

ಕುಬೇರಪ್ಪ ಮತ್ತೆ ಕಂಬಳಿಯ ಮೇಲೆ ಕುಳಿತ.

"ಶೀಗಿ ಹುಣ್ಣಿವಿಗೆ ಈದ್ಲು. ನೀ ಹಿರೇಕೆರೂರಾಗ ಬೀಗರ ಮನಿ ಗೋಡೆ ಕಟ್ಟಸಾಕ ಹೋಗಿದ್ದಿ. ಸತ್ತ ಕರಾ ಹಾಕ್ತು ಅಂತ ನಿನಗ ಹೇಳಿದೆ. ಸತ್ತಿರಲಿಲ್ಲ. ಐದ ದಿನಾ ಇತ್ತು."

ಆ ಐದು ದಿನಗಳನ್ನು ಅವಳು ಬಿಡಿಸಿ ಹೇಳಲಿಲ್ಲ. ಅರಳೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ನಾಲಿಗೆಯ ಮೇಲಿಟ್ಟರೆ ಅದೇ ಹಾಲು ಎರಡೂ ಹೊರಳೆಯಿಂದ ಇಳಿಯುತ್ತಿತ್ತು. ಕರು ಸೀನಿ ಅವಳ ಸೆರಗನ್ನೇ ಚೀಪುತ್ತಿತ್ತು. ಆರನೆಯ ದಿನ ತಿಪ್ಪೆಯ ಆಚೆ ಒಬ್ಬಳೇ ಗುದ್ದಲಿ ಹಿಡಿದು ಅಗೆದಳು. ಅಪ್ಪ-ಮಗಳಿಗೆ ಹುಟ್ಟಿದ ಕರುವೆಂಬ ನಾಚಿಕೆಗೆ ಮುಚ್ಚಿದಳು. ಗ್ರಹಣ ಬಂದದ್ದು ಅದಾಗಿ ನಾಲ್ಕು ತಿಂಗಳಿಗೆ. ಊರೆಲ್ಲ ಗ್ರಹಣವನ್ನು ಬೈಯುವಾಗ ಅವಳೊಬ್ಬಳಿಗೇ ಅದು ಸುಳ್ಳೆಂದು ಗೊತ್ತಿತ್ತು.

"ನೀ ನಮ್ಮವ್ವನ ಹೊಟ್ಟ್ಯಾಗ ಹುಟ್ಟಿದಾಕಿನಾ?" ಎಂದ ಕುಬೇರಪ್ಪ. "ನಾಕ ತಾಲೂಕಿಗೆ ಹೆಸರಾಗೂ ಹೊತ್ತಿಗೆ ಬಾಯಿ ಬಿಟ್ಟೀಯಲ್ಲ!"

"ನಾಕ ತಾಲೂಕಿನ ಕೊಟ್ಟಿಗ್ಯಾಗ ನಾಕ ಮಂದಿ ಮುದುಕ್ಯಾರು ಬತ್ತಿ ಅದ್ದಿಕೋತ ಕೂಡ್ರಲೇನೋ?"

ಮುನಾಫ ಬರೆದುಕೊಂಡ. ಹೇಳಿಕೆ ಕೊಟ್ಟವಳೆಂದು ಮಹಾದೇವಕ್ಕ ಸಹಿ ಹಾಕಿದಳು. ಹೆಸರಿನ ಕೊನೆಯ ಒತ್ತು ಗೆರೆ ದಾಟಿ ಕೆಳಗಿಳಿಯಿತು.

ಮರುದಿನ ಅವಳು ಯಾರೂ ಮಾಡದ ಕೆಲಸ ಮಾಡಿದಳು. ಮುನಾಫನ ಕಾಗದಕ್ಕೆ ಉಳಿದ ಮನೆಗಳ ವಿವರವೂ ಬೇಕಿತ್ತು. ಮೊದಲು ಅಡಿವೆವ್ವನ ಬಾಗಿಲಿಗೆ ಹೋಗಿ, "ನಿನ್ನ ಕರಾ ಯಾಕ ತೋರಿಸಲಿಲ್ಲವ್ವಾ?" ಎಂದು ಕೇಳಿಬಿಟ್ಟಳು.

ಅಡಿವೆವ್ವ ಒನಕೆಯನ್ನು ಗೋಡೆಗೆ ಆನಿಸಿ ಒಳಗೆ ನೋಡಿದಳು. ಒಳಗೆ ಅವಳ ಅತ್ತೆ ಚೌಡವ್ವ ಕೆಮ್ಮುತ್ತಿದ್ದಳು.

"ಆಕಳ ಹೊಟ್ಟಿಗೆ ಕೆಮ್ಮಣ್ಣ ಬಳಿಯೂದು ಮರೆತೆ ಯಕ್ಕಾ, ಗ್ರಹಣದ ದಿನ. ಅದಕ್ಕ ಬಾಯಿ ಸೀಳಿ ಹುಟ್ತು. ವರ್ಷೊಪ್ಪತ್ತಾತು, ದಿನಾ ಅನ್ನಿಸಿಕೋತೇನಿ."

"ಮರತದ್ದಕ್ಕಲ್ಲ. ನಮ್ಮ ಹೋರೀದು. ನಿನ್ನ ಆಕಳೂ ಅದರ ಅಪ್ಪಂದ."

ಒಳಗಿನ ಕೆಮ್ಮು ನಿಂತಿತು. ಅಡಿವೆವ್ವ ದನಿ ಏರಿಸಿ, "ಇನ್ನೊಮ್ಮೆ ಹೇಳ್ರಿ ಯಕ್ಕಾ, ಜ್ವಾರಾಗಿ. ಅವರಿಗೆ ಕಿವಿ ಮಂದ," ಎಂದಳು. ಮಹಾದೇವಕ್ಕ ಇನ್ನೊಮ್ಮೆ ಹೇಳಿದಳು. ಉಳಿದ ಮೂರು ಮನೆಗಳಲ್ಲೂ ಹೇಳಿದಳು. ಒಂದು ಮನೆಯವರು ಕುಡಿಯಲು ನೀರೂ ಕೊಡಲಿಲ್ಲ.

ಸೋಮವಾರ ಸರದಾರನನ್ನು ಹಾನಗಲ್ಲಿಗೆ ಹೊಡೆದುಕೊಂಡು ಹೋದವಳೂ ಅವಳೇ. ಕುಬೇರಪ್ಪ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿದ್ದ. ಬೀಜ ಒಡೆಯುವ ಇಕ್ಕಳ ಹಾಕುವಾಗ ಮುನಾಫ ಅವಳನ್ನು ಹೊರಗೆ ಕಳಿಸಿದ. ಒಂದೇ ಒಂದು ಒರಲು ಕೇಳಿಸಿತು. ಬರುವಾಗ ಹೋರಿ ಕಾಲು ಅಗಲಿಸಿ ನಡೆಯಿತು, ಇವಳು ಸೊಂಟ ಹಿಡಿದುಕೊಂಡು ನಡೆದಳು. ದಾರಿಯಲ್ಲಿ ಮೂರು ಕಡೆ ಕೂತರು.

ಎಂಟು ದಿನ ಅಕ್ಕ-ತಮ್ಮನ ನಡುವೆ ಮಾತಿರಲಿಲ್ಲ. ಸರದಾರ ಮೇವು ಮೂಸಿ ಬಿಡುತ್ತಿತ್ತು. ಹುರಳಿ ತರುವವರು ಯಾರೂ ಇರಲಿಲ್ಲ. ಮನೆಯ ಮಡಕೆಯ ತಳದಲ್ಲಿದ್ದುದನ್ನೇ ಅವಳು ನೆನೆಹಾಕಿದಳು. ಒಂಬತ್ತನೆಯ ಮುಂಜಾನೆ ಬೋಗುಣಿ ಎತ್ತಲು ಹೋದರೆ ಸೊಂಟ ಏಳಲಿಲ್ಲ, ಅಲ್ಲೇ ಕುಳಿತಳು.

ಕುಬೇರಪ್ಪ ಬಂದು ಎದುರಿಗೆ ನಿಂತ.

"ಕೆಂಪೀದು... ಏನಿತ್ತು ಕರಾ?"

"ಹೆಣ್ಣು."

"ಬಣ್ಣ?"

"ಬೆಳ್ಳಗ. ಅಪ್ಪಂದ ಬಣ್ಣ. ಹಣಿ ಮ್ಯಾಲೆ ಸುಳಿ ಇತ್ತು."

"ಎಲ್ಲಿ ಮುಚ್ಚಿದಿ?"

ಅವಳು ತಿಪ್ಪೆಯ ಆಚೆಗೆ ಕೈ ತೋರಿಸಿದಳು. ಕುಬೇರಪ್ಪ ಪೊರೆ ಬಂದ ಕಣ್ಣಿನಿಂದ ಆ ಕಡೆ ಬಹಳ ಹೊತ್ತು ನೋಡಿದ. ಏನು ಕಂಡಿತೋ. ಬಗ್ಗಿ ಬೋಗುಣಿಯನ್ನು ತಾನೇ ಎತ್ತಿಕೊಂಡು, ಗೋಡೆ ತಡವುತ್ತ ಸರದಾರನ ಬಳಿಗೆ ಹೋದ.