ನಿದ್ದೆ ಕಾಯ್ದ ವಿಮಲಮ್ಮ

ಮೂಸಿ ನೋಡದೆ ಯಾವ ವಸ್ತುವನ್ನೂ ಮನೆಯೊಳಗೆ ಬಿಟ್ಟುಕೊಳ್ಳದ ಹೆಂಗಸು ಬಣಕಲ್ಲಿನ ವಿಮಲಮ್ಮ. ಹಾಲು, ಅಕ್ಕಿ, ಹೊಸ ಸೀರೆ, ಅಂಚೆಯಲ್ಲಿ ಬಂದ ಲಗ್ನಪತ್ರಿಕೆ, ಎಲ್ಲವೂ ಒಮ್ಮೆ ಅವರ ಮೂಗಿನ ಹತ್ತಿರ ಹೋಗಿ ಬರಬೇಕು. ತೀರಿಕೊಂಡ ಗಂಡನ ಖಾಕಿ ಕೋಟನ್ನು ಸೀರೆಯ ಮೇಲೆ ತೊಟ್ಟು, ಎಡಗಾಲನ್ನು ತುಸು ಎಳೆಯುತ್ತ ಆರು ಎಕರೆ ಕಾಫಿ ತೋಟ ಸುತ್ತುತ್ತಿದ್ದ ಅವರನ್ನು ಪಕ್ಕದ ಮನೆಯವಳಾದ ನಾನು ಇಪ್ಪತ್ತು ವರ್ಷ ನೋಡಿದ್ದೇನೆ.

ಸೊಸೆ ಸೌಂದರ್ಯಳಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ಮದುವೆಗೆ ಮುಂಚೆಯೇ ಅವಳ ತವರಿನವರು ಹೇಳಿದ್ದರು; ವಿಮಲಮ್ಮ ಅದನ್ನು ದೊಡ್ಡದು ಮಾಡಿರಲಿಲ್ಲ. ದಿನಕ್ಕೆರಡು ಮಾತ್ರೆ, ನಾಲ್ಕು ವರ್ಷದಿಂದ ಒಂದೂ ಫಿಟ್ಸ್ ಇಲ್ಲ. ತೊಂಬತ್ತೆಂಟರ ಮಾರ್ಚಿನಲ್ಲಿ ಅವಳು ಬಸುರಿಯೆಂದು ತಿಳಿದಾಗ ಅತ್ತೆ ಮಾತ್ರೆಯನ್ನೂ ಮೂಸಿದರು. ಕಾಫಿ ಗಿಡ ಹೂವಾದಾಗ ಯಾರೂ ಔಷಧಿ ಹೊಡೆಯುವುದಿಲ್ಲ, ಹೊಡೆದರೆ ಕಾಯಿ ಕಚ್ಚುವುದಿಲ್ಲ. ಅವರಿಗೆ ಗೊತ್ತಿದ್ದ ವಿಜ್ಞಾನ ಅದು. ಮಾತ್ರೆಯ ಡಬ್ಬಿ ಅವರ ಟ್ರಂಕು ಸೇರಿತು. ಸೌಂದರ್ಯಳೂ ಮಗುವಿಗೆ ಏನಾದರೂ ಆದೀತೆಂದು ಹೆದರಿ ಅದನ್ನು ಕೇಳಲಿಲ್ಲ.

ಐದನೆಯ ದಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಅವಳು ಫಿಟ್ಸ್ ಬಂದು ಬಿದ್ದಳು. ಜೀಪು ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಮುಟ್ಟುವವರೆಗೂ ವಿಮಲಮ್ಮ ಅವಳ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ, ನಾನು ಜೊತೆಗಿದ್ದೆ. ಡಾಕ್ಟರಮ್ಮ ಗದರಲಿಲ್ಲ. ಮಗುವಿಗೆ ಏನೂ ಆಗಿಲ್ಲವೆಂದರು. ಮಾತ್ರೆಯಿಂದ ಸ್ವಲ್ಪ ಅಪಾಯ ಉಂಟು, ಆದರೆ ಏಕಾಏಕಿ ನಿಲ್ಲಿಸಿದರೆ ತಾಯಿ ಮಗು ಇಬ್ಬರಿಗೂ ಅದಕ್ಕಿಂತ ದೊಡ್ಡ ಅಪಾಯ. ಇಂಥ ತಾಯಂದಿರಿಗೆ ಹುಟ್ಟುವ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಇರುತ್ತಾರೆ ಎಂದು ವಿವರಿಸಿದರು. ಅದೇ ಮಾತ್ರೆ ಮುಂದುವರಿಯಿತು, ಜೊತೆಗೆ ಫೋಲಿಕ್ ಆಸಿಡ್ ಸೇರಿತು. ಎದೆಹಾಲನ್ನೂ ಕುಡಿಸಬಹುದು, ಮಗು ತೀರಾ ಮಂಪರಾಗಿ ಹಾಲು ಕುಡಿಯದಿದ್ದರೆ ಕರೆತನ್ನಿ ಎಂದರು. ಕೊನೆಗೆ, ಬಾಣಂತಿ ನಿದ್ದೆಗೆಟ್ಟರೆ ಮಾತ್ರೆ ನುಂಗುತ್ತಿದ್ದರೂ ಫಿಟ್ಸ್ ಬರಬಹುದು ಎಂಬ ಎಚ್ಚರಿಕೆ.

ನವೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು, ಮೂರು ಕೇಜಿ ತೂಕ, ಯಾವ ಊನವೂ ಇಲ್ಲ. ಸೌಂದರ್ಯಳಿಗೆ ತವರಿನಲ್ಲಿ ತಾಯಿಯಿಲ್ಲದ್ದರಿಂದ ಬಾಣಂತನ ಅತ್ತೆಯದೇ. ನೋಡಲು ಬಂದ ಅದೇ ಊರಿನ ಗಿಡ್ಡಮ್ಮ, ಮಾತ್ರೆ ನುಂಗುವವಳ ಹಾಲು ವಿಷ, ಡಬ್ಬಿ ಹಾಲು ಕೊಡಿ ಎಂದು ಮೂರು ಸಲ ಹೇಳಿದಳು. ವಿಮಲಮ್ಮ ಬಚ್ಚಲ ಕಡೆ ಕೈ ತೋರಿದರು. "ಡಾಕ್ಟರಮ್ಮ ಕುಡ್ಸಿ ಅಂದಿದಾರೆ. ನಿಂಗೆ ಅಷ್ಟು ಚಿಂತೆ ಇದ್ರೆ ಆ ಬಕೆಟ್ ಬಟ್ಟೆ ಹಿಂಡಿ ಹೋಗು, ಅವ್ಳು ಮಲಗ್ಲಿ."

ಮಗ ಚನ್ನಕೇಶವನಿಗೆ ಬೆಳಿಗ್ಗೆ ಐದಕ್ಕೆ ಹಂಡೆಯ ಒಲೆ, ಆಳುಗಳ ಕಾಫಿ, ಮಗುವಿನ ಬಟ್ಟೆಯ ಕೆಲಸವನ್ನು ವಿಮಲಮ್ಮ ವಹಿಸಿದರು. ಕುಯ್ಲು ಶುರುವಾಗಿದೆ ಎಂದು ಅವನು ಗೊಣಗಿದ.

"ಕುಯ್ಲಿಗೆ ಆಳು ಸಿಗ್ತಾರೆ. ಅವ್ಳ ಬದ್ಲು ನಿದ್ದೆ ಮಾಡಕ್ಕೆ ಆಳು ಎಲ್ಲಿಂದ ತರ್ಲಿ? ಏಳು ಮಾರಾಯ."

ಅವನು ಎದ್ದ. ಮಗುವಿಗೆ ವರ್ಷ ತುಂಬುವವರೆಗೂ ಸೌಂದರ್ಯಳಿಗೆ ಫಿಟ್ಸ್ ಬರಲಿಲ್ಲ. ಮಗು ಅಮ್ಮನ ಹಾಲು ಕುಡಿದೇ ಗುಂಡಗುಂಡಗಾಯಿತು.

ಮಾತ್ರೆ ಬಚ್ಚಿಟ್ಟದ್ದು ತಪ್ಪಾಯಿತೆಂದು ವಿಮಲಮ್ಮ ಸೊಸೆಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅವರ ತಲೆಮಾರಿನ ಹೆಂಗಸರಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ತಪ್ಪು ಅರಿವಾದ ದಿನ ಅವರು ಒಬ್ಬಳ ತಲೆಯಿಂದ ಕೆಲಸ ಇಳಿಸಿ, ಅದುವರೆಗೆ ಹೊರದವನ ತಲೆಗೆ ಏರಿಸುತ್ತಾರೆ; ಆಗ ಆ ಮನೆಯಲ್ಲಿ ಒಬ್ಬ ಬಾಣಂತಿ, ಬೆಳಕು ಹರಿದ ಮೇಲೂ, ಮಗುವಿನ ಪಕ್ಕ ನಿಶ್ಚಿಂತೆಯಿಂದ ಮಲಗಿರುತ್ತಾಳೆ.